ಮೂರು ಸುರುಳಿ, ಒಂದು ಬಳಪದ ಕಲ್ಲು: ಮೂರನೇ ವಾರ

ಎರಡು ಸುರುಳಿ ಮುಗಿದವು. ಮೂರನೆಯದು ಅರ್ಧಕ್ಕೆ ಬಂದಿದೆ. ಒಂದು ಅಡಿ ಅಗಲದ ಬಳಪದ ಕಲ್ಲಿನ ಮೇಲೆ ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿಯ ತ್ರಿಸುರುಳಿ ಕೆತ್ತುತ್ತಿದ್ದೇನೆ.

ಮೊದಲ ವಾರ ಪೂರ್ತಿ ಕಾಗದದ ಮೇಲೇ ಹೋಯಿತು. ಒಂದೇ ಗೆರೆಯ ಸುರುಳಿ ಎಂದುಕೊಂಡು ಬಿಡಿಸುತ್ತಿದ್ದೆ, ಎಷ್ಟು ಮಾಡಿದರೂ ಹೊಂದಲಿಲ್ಲ. ಫೋಟೋ ಮೇಲೆ ಬೆರಳಿಟ್ಟು ಸವರಿದಾಗ ತಿಳಿಯಿತು: ಒಳಗೆ ಹೋದ ಗೆರೆ ನಡುವಿನಲ್ಲಿ ನಿಲ್ಲುವುದಿಲ್ಲ, ಹೊರಳಿ ತನ್ನ ಪಕ್ಕದಲ್ಲೇ ಹೊರಗೆ ಬರುತ್ತದೆ.

ಪದಕಗಳಲ್ಲಿ, ಹಚ್ಚೆಗಳಲ್ಲಿ ಇದನ್ನು ಕೆಲ್ಟಿಕ್ ಚಿಹ್ನೆ, ಅಂದರೆ ಯುರೋಪಿನ ಪ್ರಾಚೀನ ಕೆಲ್ಟ್ ಜನರ ಚಿಹ್ನೆ ಅನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ. ಆದರೆ ನ್ಯೂಗ್ರೇಂಜ್ ಕಟ್ಟಿದ್ದು ಕ್ರಿ.ಪೂ. 3200ರ ಸುಮಾರಿಗೆ, ಗೀಜಾದ ಪಿರಮಿಡ್‌ಗಳಿಗಿಂತ ಮೊದಲೇ. ಕೆಲ್ಟರ ಕಲೆ ಎಂದು ಹೆಸರಾದ ಲಾ ಟೆನ್ ಶೈಲಿ ಶುರುವಾಗಿದ್ದು ಕ್ರಿ.ಪೂ. 450ರ ಆಸುಪಾಸಿನಲ್ಲಿ. ನಡುವೆ ಎರಡೂವರೆ ಸಾವಿರ ವರ್ಷಕ್ಕೂ ಜಾಸ್ತಿ! ಮೂರು ತೋಳಿನ ಸುರುಳಿಯನ್ನು ಕೆಲ್ಟರು ಲೋಹದ ಮೇಲೆ ತಮ್ಮದೇ ರೀತಿ ಮೂಡಿಸಿದರು. ಆಮೇಲೆ ಐರ್ಲೆಂಡಿನ ಕ್ರೈಸ್ತ ಸನ್ಯಾಸಿಗಳು ಹಸ್ತಪ್ರತಿಗಳಲ್ಲಿ ಬರೆದರು. ತಂದೆ, ಮಗ, ಪವಿತ್ರಾತ್ಮ ಎಂಬ ಅರ್ಥ ಸೇರಿದ್ದು ಕ್ರೈಸ್ತ ಧರ್ಮ ಬಂದ ಮೇಲೆಯೇ.

ಮೊದಲು ಕೆತ್ತಿದವರು ಬೇಸಾಯಗಾರರು, ಅವರಿಗೆ ಬರವಣಿಗೆ ಇರಲಿಲ್ಲ. ಹಾಗಾಗಿ ಅರ್ಥಕ್ಕೆ ನಾನು ಜಾಗವನ್ನೇ ನೋಡುತ್ತೇನೆ. ಬಾಗಿಲ ಮುಂದಿನ ದೊಡ್ಡ ಕಲ್ಲಿನ ಮೇಲೂ ತ್ರಿಸುರುಳಿ ಇದೆ. ಆದರೆ ನನ್ನ ಮನಸ್ಸು ನಿಂತಿದ್ದು ಒಳಗಿನದರ ಮೇಲೆ. ಅದು 19 ಮೀಟರ್ ಉದ್ದದ ಓಣಿ ದಾಟಿದ ಮೇಲೆ ಸಿಗುವ ಕತ್ತಲ ಕೋಣೆಯಲ್ಲಿದೆ. ಡಿಸೆಂಬರ್ 21ರ ಆಸುಪಾಸು, ವರ್ಷದ ಅತಿ ಚಿಕ್ಕ ಹಗಲುಗಳಲ್ಲಿ, ಬಾಗಿಲ ಮೇಲಿನ ಕಿಂಡಿಯಿಂದ ಬಿಸಿಲು ಆ ಕೋಣೆಯವರೆಗೂ ಬರುತ್ತದೆ. ಸುಮಾರು 17 ನಿಮಿಷ, ಅಷ್ಟೇ. ಅಲ್ಲಿ ಉತ್ಖನನ ಮಾಡುತ್ತಿದ್ದ ಮೈಕಲ್ ಓಕೆಲಿ 1967ರಲ್ಲಿ ಒಳಗೆ ಕಾದು ಕೂತು ಇದನ್ನು ಕಣ್ಣಾರೆ ಕಂಡರು. ಒಳಗೆ ಹೋಗಿ ಮರಳುವ ಗೆರೆ, ದೂರ ಸರಿದು ಮರಳುವ ಸೂರ್ಯ. ಇವೆರಡಕ್ಕೂ ನಂಟಿದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ಕೆಲಸದ ಮಾತು. ಗೀರಿ ಕೆತ್ತುವಾಗ ಉಳಿ ಎರಡು ಸಲ ಜಾರಿತು, ಒಂದು ಅಂಚು ಚಕ್ಕೆ ಎದ್ದಿತು. ನ್ಯೂಗ್ರೇಂಜ್‌ನವರು ಚೂಪು ಕಲ್ಲಿನಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಗೆರೆ ಮಾಡಿದ್ದರು. ನಾನೂ ಈಗ ಚಾಣ ನೆಟ್ಟಗೆ ಹಿಡಿದು, ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ಕುಟ್ಟುತ್ತೇನೆ. ಗಂಟೆಗೆ ನಾಲ್ಕು ಬೆರಳಷ್ಟು ಗೆರೆ ಆಗುತ್ತದೆ, ಆದರೆ ಜಾರುವುದಿಲ್ಲ. ಲೈಟ್ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದರೆ ಆಳ ಸಾಲದ ಕಡೆ ತಕ್ಷಣ ಕಾಣುತ್ತದೆ.

ಮೂರನೆಯ ಸುರುಳಿ ಮೊದಲನೆಯದನ್ನು ಸೇರುವ ಜಾಗ ಗೇಣುದ್ದ ಉಳಿದಿದೆ. ಅಲ್ಲಿ ಕಲ್ಲಿನ ಎಳೆ ಅಡ್ಡ ಬಂದಿದೆ. ಭಾನುವಾರ ಬೆಳಗ್ಗೆ, ಕಿಟಕಿಯ ಬಿಸಿಲು ಓರೆಯಾಗಿ ಬೀಳುವಾಗ ಕೈ ಹಾಕುತ್ತೇನೆ.