ಮಾರುತಿ 800ರ ಆಕ್ಸಲ್, ಎತ್ತಿನ ಗಾಡಿಯ ಲೆಕ್ಕ

ಜೀಪಿನ ಹಿಂದೆ ನಾಲ್ಕು ಜನ, ಅವರ ಕಾಲ ಸಂದಿಯಲ್ಲಿ ಟೆಂಟು, ತೊಡೆ ಮೇಲೆ ಪಾತ್ರೆ ಮೂಟೆ, ಬೆನ್ನಿಗೆ ಚುಚ್ಚುವ ಸೌದೆ. ಎರಡು ವರ್ಷದ ಹಿಂದಿನವರೆಗೂ ನಮ್ಮ ಮನೆಯ ಕ್ಯಾಂಪಿಂಗ್ ಅಂದರೆ ಇಷ್ಟೇ. ಹೋಗುವುದೇನೂ ದೂರವಲ್ಲ. ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮ ಕಾಫಿ ತೋಟ, ಅದನ್ನು ದಾಟಿದರೆ ಚಿಕ್ಕಪ್ಪನ ತೋಟ, ಅದರ ತಲೆಯ ಮೇಲೆ ಒಂದು ಬೋಳುಗುಡ್ಡ. ಮೂರು ಕಿಲೋಮೀಟರ್ ಜೀಪು ದಾರಿ. ಆದರೆ ಆ ಮೂರು ಕಿಲೋಮೀಟರ್ ಮುಗಿಯುವಷ್ಟರಲ್ಲಿ ಮಕ್ಕಳಿಬ್ಬರೂ ಜಗಳ ಆಡಿ, ಯಾರದೋ ಕಾಲಿನ ಮೇಲೆ ಸಾರಿನ ಡಬ್ಬಿ ಮಗುಚಿ, ಗುಡ್ಡ ಮುಟ್ಟುವ ಮೊದಲೇ ವಾಪಸ್ ಹೋಗೋಣ ಅನ್ನುವ ಮಾತು ಬಂದಿರುತ್ತಿತ್ತು. ಟಾರ್ಪಾಲ್ ಹುಡ್ಡಿನ ಜೀಪು, ಮೇಲೆ ಕ್ಯಾರಿಯರ್ ಹಾಕೋಣ ಅಂದರೆ ಅದೂ ಆಗುವುದಿಲ್ಲ. ಸಾಮಾನಿಗೆ ಅಂತಲೇ ಹಿಂದೆ ಒಂದು ಟ್ರೈಲರ್ ಎಳೆಯಬೇಕು ಅನ್ನಿಸಿತು.

ಹಳೇ ಮಿಲಿಟರಿ ಜೀಪುಗಳ ಹಿಂದೆ ಒಂದು ಪುಟ್ಟ ಟ್ರೈಲರ್ ಇರುತ್ತಿತ್ತು, ಫೋಟೋಗಳಲ್ಲಿ ನೋಡಿರ್ತೀರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಮಾಡಿದ್ದು, ಕಾಲು ಟನ್ ಸಾಮಾನು ಹೊರುವಂಥದ್ದು. ಜೀಪಿಗೆ ಇದ್ದ 16 ಇಂಚಿನ ಚಕ್ರವೇ ಅದಕ್ಕೂ, ಹಾಗಾಗಿ ಸ್ಟೆಪ್ನಿ ಒಂದೇ ಸಾಕು. ನೀರಿಗೆ ಬಿಟ್ಟರೆ ತೇಲುತ್ತಿತ್ತು ಬೇರೆ. ಅಂಥದ್ದೇ ಒಂದು ಮಾಡಿಸೋಣ ಅಂತ ಮೊದಲು ಹೊರಟೆ. ಜೀಪಿನ ಆಕ್ಸಲ್, ಚಕ್ರ, ಟೈರ್ ಅಂತ ರೇಟು ಕೇಳಿದ ಮೇಲೆ ಆಸೆ ಸ್ವಲ್ಪ ಕಡಿಮೆ ಆಯಿತು.

ಹಾಸನದ ಗುಜರಿಯಲ್ಲಿ ಸಿಕ್ಕಿದ್ದು ಮಾರುತಿ 800ರ ಹಿಂದಿನ ಆಕ್ಸಲ್. ಇದು ಯಾಕೆ ಒಳ್ಳೇದು ಅಂದರೆ, ಆ ಕಾರಿನಲ್ಲಿ ಇಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಹಿಂದೆ ಇಂಜಿನ್ ಶಕ್ತಿಯನ್ನು ಎರಡು ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ ಇಲ್ಲ, ಜಾಯಿಂಟ್ ಇಲ್ಲ, ಒಂದು ಗಟ್ಟಿ ಕೊಳವೆ, ಎರಡು ತುದಿಗೆ ಚಕ್ರ ಕೂರುವ ಹಬ್, ಮುಗೀತು. ಟ್ರೈಲರ್‌ಗೆ ಅಂತಲೇ ಮಾಡಿದ ಹಾಗಿದೆ. ಬ್ರೇಕ್ ಡ್ರಮ್ಮು, ಹ್ಯಾಂಡ್‌ಬ್ರೇಕ್ ಕೇಬಲ್ ಸಮೇತ ತಗೊಳ್ಳಿ. ಮುಂದಕ್ಕೆ ಒಂದು ಲಿವರ್ ಕೂರಿಸಿದರೆ ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವುದಕ್ಕೆ ಆಗುತ್ತದೆ. ನಾನು ಹಾಗೆ ಮಾಡಿದ್ದೇನೆ. ಆದರೂ ಚಕ್ರಕ್ಕೆ ಕಲ್ಲು ಕೊಡುವುದನ್ನು ಬಿಟ್ಟಿಲ್ಲ. ಬೇರಿಂಗ್ ಮಾತ್ರ ಹಳೇದನ್ನೇ ನಂಬಬೇಡಿ, ಹೊಸದು ಹಾಕಿಸಿ.

800ಕ್ಕೆ ಹಿಂದೆ ಇರುವುದು ಕಾಯಿಲ್ ಸ್ಪ್ರಿಂಗ್. ಅದರ ಬಟ್ಟಲುಗಳನ್ನು ಕತ್ತರಿಸಿ, ಮಾರುತಿ ಓಮ್ನಿಯ ಹಿಂದಿನ ಪಟ್ಟಾ (ಎಲೆ ಎಲೆ ಜೋಡಿಸಿದ ಲೀಫ್ ಸ್ಪ್ರಿಂಗ್) ತಂದು ಯು-ಬೋಲ್ಟ್ ಹಾಕಿ ಕಟ್ಟಿಸಿದೆ. ಪಟ್ಟಾ ಆಕ್ಸಲಿನ ಮೇಲೆ ಕೂರುವ ಹಾಗೆ ಮಾಡಿಸಿ, ಕೆಳಗೆ ಬೇಡ. ನೆಲದಿಂದ ಎತ್ತರ ಸಿಗುತ್ತದೆ, 12 ಇಂಚಿನ ಚಕ್ರಕ್ಕೆ ತೋಟದ ದಾರಿಯಲ್ಲಿ ಅಷ್ಟಾದರೂ ಬೇಕು. ಇನ್ನೊಂದು ವಿಷಯ, ಓಮ್ನಿಯ ಪಟ್ಟಾ ತುಂಬಿದ ವ್ಯಾನಿಗೆ ಮಾಡಿದ್ದು. ಖಾಲಿ ಟ್ರೈಲರ್ ಅದರ ಮೇಲೆ ಕಪ್ಪೆ ಥರ ಕುಪ್ಪಳಿಸುತ್ತದೆ. ಮೊದಲ ದಿನವೇ ಮೊಟ್ಟೆ ಒಂದೂ ಉಳಿಯಲಿಲ್ಲ. ಎರಡೂ ಕಡೆಯಿಂದ ಒಂದೊಂದು ಎಲೆ ತೆಗೆಸಿದ ಮೇಲೆ ಸುಮಾರಾಗಿ ಸರಿಹೋಯಿತು.

ಡಬ್ಬ 5 ಅಡಿ ಉದ್ದ, 4 ಅಡಿ ಅಗಲ. ಚಾಸಿಗೆ 50 ಎಂಎಂ ಚೌಕ ಪೈಪು, 3 ಎಂಎಂ ದಪ್ಪ. 20 ಅಡಿಯ ಪೈಪು ಒಂದು ಹತ್ತಿರ ಹತ್ತಿರ 26 ಕೆಜಿ ತೂಗುತ್ತದೆ, ನಮಗೆ ಕೆಜಿಗೆ 70 ರೂಪಾಯಿ ಬಿತ್ತು. ಎರಡೇ ಪೈಪಿನಲ್ಲಿ ಮುಗಿಸಬೇಕು ಅಂತ ನಾನು ಹಠ ಹಿಡಿದೆ. ಈ ಹಠದ ಕಥೆ ಆಮೇಲೆ ಹೇಳ್ತೀನಿ. ತಳಕ್ಕೆ, ಪಕ್ಕಕ್ಕೆ 12 ಎಂಎಂ ಪ್ಲೈವುಡ್, ತಳದ ನಾಲ್ಕು ಮೂಲೆಗೂ ನೀರು ಇಳಿಯುವುದಕ್ಕೆ ತೂತು. ಪೇಂಟು, ಟಾರ್ಪಾಲು, ಹಿಂದೆ ಕೆಂಪು ರಿಫ್ಲೆಕ್ಟರ್. ಇದರಲ್ಲೆಲ್ಲ ಹೇಳುವಂಥದ್ದೇನೂ ಇಲ್ಲ.

ಹೇಳಬೇಕಾದ್ದು ಭಾರದ ವಿಷಯ.

ಮೊದಲ ಸಲ ಸಾಮಾನು ತುಂಬಿದಾಗ ನೀರಿನ ಮೂರು ಕ್ಯಾನನ್ನೂ ಹಿಂದಿನ ಬಾಗಿಲ ಹತ್ತಿರ ಇಟ್ಟೆ, ಇಳಿಸುವುದಕ್ಕೆ ಸುಲಭ ಅಂತ. ತಲಾ 20 ಲೀಟರ್, ಅಂದರೆ 60 ಕೆಜಿ ಅಲ್ಲೇ ಆಯಿತು. ಜೀಪಿಗೆ ಸಿಕ್ಕಿಸುವಾಗ ಟ್ರೈಲರಿನ ಮೂತಿ, ಅಂದರೆ ಡಬ್ಬದಿಂದ ಮುಂದಕ್ಕೆ ಚಾಚಿದ ತೋಳು, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ ಇತ್ತು. ಆಹಾ, ಎಷ್ಟು ಚೆನ್ನಾಗಿ ಮಾಡಿಸಿದ್ದೀನಿ ಅಂತ ಖುಷಿಪಟ್ಟೆ. ಕಾಫಿ ಒಣಗಿಸುವ ಡ್ರೈಯಿಂಗ್ ಯಾರ್ಡ್ ದಾಟಿದ ಮೇಲಿನ ಇಳಿಜಾರಿನಲ್ಲಿ ಗಂಟೆಗೆ 25 ಕಿಲೋಮೀಟರ್ ಕೂಡ ಇರಲಿಲ್ಲ, ಹಿಂದಿನಿಂದ ಯಾರೋ ಜೀಪಿನ ಬಾಲ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಪ್ರತಿ ಸಲ ಇನ್ನೂ ಜಾಸ್ತಿ. ಆಕ್ಸಲರೇಟರ್‌ನಿಂದ ಕಾಲು ತೆಗೆದು, ಸ್ಟೇರಿಂಗ್ ಗಟ್ಟಿ ಹಿಡಿದು ಕೂತೆ. ನಿಧಾನ ಆದ ಮೇಲೆ ತಾನೇ ನಿಂತಿತು. ಹೆಂಡತಿ ಏನೂ ಮಾತಾಡಲಿಲ್ಲ, ಅದೇ ಜಾಸ್ತಿ ಹೆದರಿಕೆ ಆಗಿದ್ದು.

ವಾಪಸ್ ಬಂದು ಅಪ್ಪನಿಗೆ ಹೇಳಿದರೆ ಅವರು ಡಬ್ಬದೊಳಗೆ ಒಂದು ಸಲ ಇಣುಕಿ, "ಹಿಂಭಾರ ಆಗಿದೆ ಕಣೋ. ಒಂದು ದಿನ ಎತ್ತಿನ ಗಾಡಿ ಹೊಡೆದಿದ್ರೂ ನಿಂಗೆ ಇದು ಗೊತ್ತಿರೋದು" ಅಂದರು.

ಗಾಡಿ ಹಿಂಭಾರ ಆದರೆ ನೊಗ ಕಟ್ಟುವ ಮೂಕಿ ಮೇಲೇಳುತ್ತದೆ, ಎತ್ತಿನ ಕುತ್ತಿಗೆಯ ಹಗ್ಗ ಬಿಗಿದು ಉಸಿರು ಕಟ್ಟುತ್ತದೆ. ಮುಂಭಾರ ಜಾಸ್ತಿ ಆದರೆ ನೊಗ ಹೆಗಲನ್ನು ಜಜ್ಜುತ್ತದೆ. ಅದಕ್ಕೇ ಗಾಡಿ ತುಂಬುವವರು ಮೂಕಿ ಎತ್ತಿ ಇಳಿಸಿ ನೋಡಿ ಮೂಟೆ ಜರುಗಿಸುತ್ತಿದ್ದರು. ಟ್ರೈಲರಿಗೂ ಲೆಕ್ಕ ಅದೇ, ಅಂಕಿ ಮಾತ್ರ ಬೇರೆ. ಸಾಮಾನು ಸಮೇತ ಒಟ್ಟು ತೂಕದಲ್ಲಿ 100ಕ್ಕೆ 10ರಿಂದ 15 ಭಾಗ ಮೂತಿಯ ಮೇಲೆ ಇರಬೇಕು. ನಮ್ಮದು ಖಾಲಿ ಸುಮಾರು 150 ಕೆಜಿ, ಸಾಮಾನು ಇನ್ನೊಂದು 150 ಅಂತ ಇಟ್ಟುಕೊಂಡರೆ ಮೂತಿಯಲ್ಲಿ 30ರಿಂದ 45 ಕೆಜಿ. ಅಳೆಯುವುದಕ್ಕೆ ಕಾಫಿ ಹಣ್ಣು ತೂಗುವ ನೇತಾಡುವ ತಕ್ಕಡಿ ಇತ್ತಲ್ಲ, ಟ್ರೈಲರನ್ನು ಮಟ್ಟಸವಾಗಿ ನಿಲ್ಲಿಸಿ ಮೂತಿಯನ್ನು ಅದಕ್ಕೇ ನೇತುಹಾಕಿ ನೋಡಿದೆವು. 9 ಕೆಜಿ! ನೀರಿನ ಕ್ಯಾನುಗಳನ್ನು ಆಕ್ಸಲಿಗಿಂತ ಸ್ವಲ್ಪ ಮುಂದಕ್ಕೆ ತಂದಿದ್ದೇ ತಡ, 38ಕ್ಕೆ ಬಂತು.

ಆಕ್ಸಲ್ ಎಲ್ಲಿ ಕೂರಿಸುತ್ತೀರಿ ಅನ್ನುವುದೂ ಇಲ್ಲೇ ಬರುತ್ತದೆ. ಸರಿಯಾಗಿ ನಡುಮಧ್ಯಕ್ಕೆ ಬೇಡ. 5 ಅಡಿ ಡಬ್ಬದಲ್ಲಿ ನಾವು ಮುಂದೆ 3 ಅಡಿ, ಹಿಂದೆ 2 ಅಡಿ ಬಿಟ್ಟಿದ್ದೇವೆ. ವೆಲ್ಡಿಂಗ್ ಅಂಗಡಿಯ ಅಣ್ಣ "ಮಧ್ಯಕ್ಕೆ ಹಾಕಿದ್ರೇ ನೋಡೋಕೆ ಚೆಂದ ಸಾರ್" ಅಂತ ಎರಡು ಸಲ ಹೇಳಿದ. ಅವನ ಮಾತು ಕೇಳದೆ ಇದ್ದಿದ್ದು ಪುಣ್ಯ.

ಈಗ ಎರಡೇ ಪೈಪಿನ ಹಠ. ಮೂರನೇ ಪೈಪಿಗೆ 1,800 ರೂಪಾಯಿ ಯಾಕೆ ಅಂತ, ಉಳಿದ ತುಂಡುಗಳಲ್ಲೇ ಮೂತಿ ಮಾಡಿಸಿದ್ದೆ. ಡಬ್ಬದಿಂದ ಬರೀ ಎರಡೂವರೆ ಅಡಿ ಮುಂದಕ್ಕೆ. ಟ್ರೈಲರ್ ಚಿಕ್ಕದಾದಷ್ಟೂ ರಿವರ್ಸ್ ಸುಲಭ ಅಂತ ನನ್ನ ತಲೆಯಲ್ಲಿತ್ತು. ಪೂರಾ ಉಲ್ಟಾ. ಗಿಡ್ಡ ಮೂತಿಯ ಟ್ರೈಲರ್ ಸ್ಟೇರಿಂಗ್ ಕೂದಲೆಳೆ ತಿರುಗಿಸಿದರೂ ಪಟ್ಟನೆ ಅಡ್ಡ ತಿರುಗುತ್ತದೆ, ಸರಿ ಮಾಡಿಕೊಳ್ಳುವುದಕ್ಕೆ ಟೈಮೇ ಕೊಡುವುದಿಲ್ಲ. ಗುಡ್ಡದ ಕೆಳಗಿನ ಹೇರ್‌ಪಿನ್ನಲ್ಲಿ ಒಂದು ಸಲ ಹಿಂದಕ್ಕೆ ತೆಗೆಯುವಾಗ ಡಬ್ಬದ ಮೂಲೆ ಬಂದು ಜೀಪಿನ ಹಿಂದಿನ ಲೈಟನ್ನು ಪುಡಿ ಮಾಡಿತು. ಆಮೇಲೆ ಮೂರನೇ ಪೈಪನ್ನೂ ತಂದೆ, ಮೂತಿಯನ್ನು ನಾಲ್ಕು ಅಡಿ ಮಾಡಿಸಿದೆ, ಲೈಟಿನ ಖರ್ಚು ಬೇರೆ. ಈಗ ರಿವರ್ಸ್ ಮಾಡುವಾಗ ಸ್ಟೇರಿಂಗಿನ ಕೆಳಭಾಗ ಹಿಡಿದುಕೊಳ್ಳುತ್ತೇನೆ. ಟ್ರೈಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿದರೆ ಆಯಿತು, ತಲೆಯಲ್ಲಿ ಎಡ ಬಲ ಅದಲು ಬದಲು ಮಾಡುವ ಕೆಲಸ ಇಲ್ಲ.

ಜೀಪಿಗೆ ಸಿಕ್ಕಿಸುವ ಕೊಂಡಿಗೆ 50 ಎಂಎಂನ ಉಕ್ಕಿನ ಗುಂಡು, ಅಂದರೆ ಬಾಲ್ ಹಾಕಿದ್ದೇವೆ, ಜೊತೆಗೆ ಎರಡು ಸರಪಳಿ. ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿ ಥರ ಅಡ್ಡಡ್ಡ ಹಾಕಬೇಕು. ಅಕಸ್ಮಾತ್ ಬಾಲಿನಿಂದ ಕಳಚಿಕೊಂಡರೆ ಮೂತಿ ನೆಲಕ್ಕೆ ನಾಟದೆ ಸರಪಳಿಯ ತೊಟ್ಟಿಲಿನಲ್ಲಿ ನಿಲ್ಲುತ್ತದೆ.

ಇದನ್ನು ಓದಿ ಯಾರಾದರೂ ಇಂಥದ್ದನ್ನು ಎಳೆದುಕೊಂಡು ಶಿರಾಡಿ ಘಾಟಿ ಇಳಿಯೋಣ ಅಂತ ಹೊರಟೀರಿ, ಬೇಡ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರ್ ಕೂಡ ಒಂದು ವಾಹನವೇ, ರಸ್ತೆಗೆ ತರಬೇಕಾದರೆ ನೋಂದಣಿ ಆಗಬೇಕು. ಟ್ರ್ಯಾಕ್ಟರಿನ ಟ್ರೈಲರಿಗೆ ಬೇರೆ ನಂಬರ್ ಇರೋದನ್ನು ನೋಡಿದ್ದೀರಲ್ವಾ, ಅದೇ ಕಾರಣ. ನಮ್ಮದು ತೋಟದ ಗೇಟು ದಾಟಿ ಡಾಂಬರು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

ಒಟ್ಟು ಖರ್ಚು, ನನ್ನ ತಪ್ಪಿಗೆ ತೆತ್ತಿದ್ದೂ ಸೇರಿ, 28 ಸಾವಿರ ಚಿಲ್ಲರೆ. ಕ್ಯಾಂಪಿಂಗಿಗೆ ಅಂತ ಮಾಡಿಸಿದ್ದು ಹೌದು. ಆದರೆ ಒಂದು ವಿಷಯ ಮೊದಲೇ ಹೊಳೆದಿರಲಿಲ್ಲ. ಮಳೆಗಾಲದಲ್ಲಿ ಇಂಬಳದ ಕಾಟಕ್ಕೆ ಗುಡ್ಡಕ್ಕೆ ಕಾಲಿಡೋಕಾಗಲ್ಲ, ನಾವು ಹೋಗುವುದು ಡಿಸೆಂಬರ್, ಜನವರಿಯಲ್ಲಿ. ಕಾಫಿ ಹಣ್ಣು ಕೊಯ್ಯುವುದೂ ಆಗಲೇ. ಹೋದ ವರ್ಷ ಕ್ರಿಸ್‌ಮಸ್ ರಜೆಗೆ ಟೆಂಟು ಹೊತ್ತುಕೊಂಡು ಶೆಡ್ಡಿಗೆ ಹೋದರೆ ಟ್ರೈಲರಿನ ತುಂಬ ಹಣ್ಣಿನ ಮೂಟೆ. ಅಪ್ಪ ಮೂತಿಯ ಹತ್ತಿರ ನಿಂತು ಅದನ್ನು ಎತ್ತಿ ಇಳಿಸಿ ನೋಡುತ್ತಾ, ಇನ್ನೊಂದು ಮೂಟೆ ಮುಂದಕ್ಕೆ ಜರುಗಿಸಿ ಅಂತ ಆಳುಗಳಿಗೆ ಹೇಳುತ್ತಿದ್ದರು. ನನ್ನನ್ನು ನೋಡಿ, "ಸಂಕ್ರಾಂತಿ ಆದ್ಮೇಲೆ ಕೇಳು" ಅಂದರು.