ನಾಲ್ಕು ಸೆಕೆಂಡು ತಪ್ಪಿದರೆ ಒಂದು ಮೈಲಿ

ನಾನಿರುವ ಸ್ವಿಟ್ಜರ್ಲೆಂಡಿನ ಬೀಲ್ ವಾಚಿನ ಊರು. ಒಮೆಗಾ ಇಲ್ಲೇ, ಸ್ವಾಚ್ ಇಲ್ಲೇ, ರೋಲೆಕ್ಸ್‌ನ ಒಂದು ಫ್ಯಾಕ್ಟರಿಯೂ ಇಲ್ಲೇ. ಹಾಗಾಗಿ ಊರಿಂದ ಯಾರು ಫೋನ್ ಮಾಡಿದರೂ ಮಾತು ಕೊನೆಗೆ ವಾಚಿನ ರೇಟಿಗೆ ಬಂದು ನಿಲ್ಲುತ್ತದೆ. ನಮ್ಮ ಮಾವ ಇವತ್ತಿಗೂ ಎಚ್‌ಎಂಟಿ ಕಟ್ಟುವವರು. "ಟೈಮ್ ನೋಡೋಕೆ ಅಷ್ಟೊಂದು ದುಡ್ಡು ಯಾಕಪ್ಪಾ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಬರೀ ಟೈಮ್ ತೋರಿಸುವುದಕ್ಕಲ್ಲ, ವಿಮಾನ ಸಮುದ್ರದ ಮೇಲೆ ಎಲ್ಲಿದೆ ಅಂತ ಕಂಡುಹಿಡಿಯುವುದಕ್ಕೆಂದೇ ಮಾಡಿದ ವಾಚುಗಳೂ ಇದ್ದವು. ಅವುಗಳ ಬಗ್ಗೆ ಹೇಳಬೇಕು.

ಅವನ್ನು ನೋಡಬೇಕೆಂದರೆ ಬೀಲ್‌ನಿಂದ ಲಾ ಷೋ-ದ-ಫೋನ್ ಕಡೆ ಹೋಗುವ ರೈಲು ಹತ್ತಬೇಕು. ಸುಮಾರು ಅರ್ಧ ಗಂಟೆಗೆ ಸೇಂಟ್-ಇಮಿಯೇ ಎಂಬ ಸಣ್ಣ ಊರು ಸಿಗುತ್ತದೆ. ಫ್ರೆಂಚ್ ಮಾತಾಡುವ ಊರು, ಜೂರಾ ಬೆಟ್ಟಗಳ ನಡುವಿನ ಕಣಿವೆ. 1832ರಲ್ಲಿ ಶುರುವಾದ ಲಾಂಜಿನ್ ಕಂಪನಿ ಇರುವುದು ಇಲ್ಲಿ. ಅವರದೇ ಒಂದು ಮ್ಯೂಸಿಯಂ ಇದೆ.

ವಾಚ್ ನೋಡಿದರೆ ಜಾಗ ಹೇಗೆ ಗೊತ್ತಾಗುತ್ತದೆ ಅಂತೀರಾ? ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿಗೆ 4 ನಿಮಿಷ. ನಮ್ಮ ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ. ಅದಕ್ಕೇ ಬೆಂಗಳೂರಿನಲ್ಲಿ ನಿಜವಾದ ನಡುಮಧ್ಯಾಹ್ನ ಆಗುವುದು ಸರಾಸರಿ 12 ಗಂಟೆ 20 ನಿಮಿಷಕ್ಕೆ. ಮಂಗಳೂರಿನಲ್ಲಿ ಅದಕ್ಕಿಂತ 11 ನಿಮಿಷ ತಡ. ಇದನ್ನೇ ತಿರುಗಿಸಿ ನೋಡಿ. ಸರಿಯಾದ ಗಡಿಯಾರ ಕೈಯಲ್ಲಿದ್ದು, ಸೂರ್ಯ ಎಷ್ಟು ಹೊತ್ತಿಗೆ ಎಲ್ಲಿದ್ದ ಅಂತ ಅಳೆದರೆ, ನೀವಿರುವ ರೇಖಾಂಶ ಲೆಕ್ಕಕ್ಕೆ ಸಿಗುತ್ತದೆ. ನಕ್ಷತ್ರಕ್ಕೂ ಇದೇ ಮಾತು.

ಹಡಗಿನವರಿಗೆ ಇದು ಹದಿನೆಂಟನೇ ಶತಮಾನದಿಂದಲೂ ಗೊತ್ತಿತ್ತು. ಅವರ ಕ್ರೋನೋಮೀಟರು, ಅಂದರೆ ಬಹಳ ನಿಖರವಾದ ಗಡಿಯಾರ, ಪೆಟ್ಟಿಗೆಯೊಳಗೆ ಅಲುಗಾಡದೆ ಕೂತಿರುತ್ತಿತ್ತು. ಲೆಕ್ಕ ಹಾಕುವುದಕ್ಕೆ ಮೇಜು, ದಪ್ಪ ಪುಸ್ತಕ, ಬೇಕಾದಷ್ಟು ಹೊತ್ತು ಎಲ್ಲಾ ಇತ್ತು. ವಿಮಾನದಲ್ಲಿ ಇದ್ಯಾವುದೂ ಇಲ್ಲ. ಚಳಿ, ಸದ್ದು, ಕುಲುಕಾಟ. ನೀವು ಲೆಕ್ಕ ಮುಗಿಸುವಷ್ಟರಲ್ಲಿ ವಿಮಾನ ಐವತ್ತು ಕಿಲೋಮೀಟರ್ ಮುಂದೆ ಹೋಗಿರುತ್ತದೆ.

ಚಾರ್ಲ್ಸ್ ಲಿಂಡ್‌ಬರ್ಗ್ 1927ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಒಬ್ಬನೇ ಮೂವತ್ತಮೂರೂವರೆ ಗಂಟೆ ಹಾರಿದ್ದು ಎಲ್ಲರಿಗೂ ಗೊತ್ತು. ಆದರೆ ಆಗ ಅವನ ಹತ್ತಿರ ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್‌ಟೆಂಟ್ ಇರಲಿಲ್ಲ. ದಿಕ್ಸೂಚಿ, ವೇಗ, ಹೊತ್ತು ಇಷ್ಟರ ಅಂದಾಜಿನಲ್ಲೇ ಹೋಗಿ ಮುಟ್ಟಿದ. ಮುಂದಿನ ವರ್ಷ ಹವಾನಾದಿಂದ ಅಮೆರಿಕಕ್ಕೆ ವಾಪಸ್ ಬರುವಾಗ ದಿಕ್ಸೂಚಿ ಕೈಕೊಟ್ಟು ದಾರಿ ತಪ್ಪಿದ. ಬೆಳಗಾದಾಗ ನೋಡಿದರೆ ನೂರಾರು ಮೈಲಿ ಆಚೆ, ಬಹಾಮಾ ದ್ವೀಪಗಳ ಮೇಲಿದ್ದ. ಆಮೇಲೆ ಅವನು ಪಾಠಕ್ಕೆ ಹೋಗಿ ಕೂತಿದ್ದು ಅಮೆರಿಕದ ನೌಕಾಪಡೆಯ ಫಿಲಿಪ್ ವ್ಯಾನ್ ಹಾರ್ನ್ ವೀಮ್ಸ್ ಹತ್ತಿರ.

ನನ್ನ ಪ್ರಕಾರ ಈ ಕಥೆಯ ನಿಜವಾದ ನಾಯಕ ವೀಮ್ಸ್. ಲಿಂಡ್‌ಬರ್ಗ್ ಹೆಸರಿಗೆ ಪ್ರಚಾರ ಜಾಸ್ತಿ, ಅಷ್ಟೇ.

ವೀಮ್ಸ್‌ಗೆ ಹೊಳೆದದ್ದು ಬಹಳ ಸಣ್ಣ ವಿಷಯ. ಆಗಿನ ವಾಚುಗಳಲ್ಲಿ ಗಂಟೆ, ನಿಮಿಷದ ಮುಳ್ಳುಗಳನ್ನು ತಿರುಗಿಸಬಹುದಿತ್ತು. ಸೆಕೆಂಡಿನ ಮುಳ್ಳು ಮಾತ್ರ ಸಾಮಾನ್ಯವಾಗಿ ಯಾರ ಮಾತೂ ಕೇಳುತ್ತಿರಲಿಲ್ಲ. ಆಕಾಶ ನೋಡಿ ದಾರಿ ಹಿಡಿಯುವವರಿಗೆ ಬೇಕಾಗಿದ್ದೇ ಅದು. 4 ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯ ಹತ್ತಿರ ಒಂದು ನಾಟಿಕಲ್ ಮೈಲಿ ತಪ್ಪಿದ ಹಾಗೆ. ಒಂದು ನಿಮಿಷ ತಪ್ಪಿದರೆ ಸುಮಾರು 28 ಕಿಲೋಮೀಟರ್! ಮುಳ್ಳು ತಿರುಗದಿದ್ದರೆ ಬೇಡ, ಅದರ ಕೆಳಗಿನ ಅಂಕಿಗಳನ್ನೇ ತಿರುಗಿಸೋಣ ಅಂದ ವೀಮ್ಸ್. ಡಯಲ್‌ನ ನಡುವೆ ಸೆಕೆಂಡಿನ ಗುರುತುಗಳಿರುವ ಒಂದು ಚಕ್ರ. ರೇಡಿಯೋದಲ್ಲಿ ಸಮಯದ ಸಿಗ್ನಲ್ ಬಂದಾಗ ಅದನ್ನು ತಿರುಗಿಸಿ ಮುಳ್ಳಿಗೆ ಹೊಂದಿಸಿದರೆ ಮುಗಿಯಿತು. ವಾಚ್ ನಿಲ್ಲಿಸುವ ಗೋಜಿಲ್ಲ. ಲಾಂಜಿನ್ ಇದನ್ನು ಮಾಡಿ ಮಾರಿತು.

ಇದೇ ಉಪಾಯವನ್ನು ಮುಂದುವರಿಸಿ ಮಾಡಿದ್ದು 1931ರ ಲಿಂಡ್‌ಬರ್ಗ್ ವಾಚು. 47.5 ಮಿಲಿಮೀಟರ್ ಅಗಲ. ಗಾಜಿನ ಹಿಂದೆ ನೋಡಿದಾಗ ಇದು ಕೈಗೆ ಕಟ್ಟುವುದಾ, ಗೋಡೆಗೆ ನೇತು ಹಾಕುವುದಾ ಅನಿಸಿತು. ಪಟ್ಟಿ ಉದ್ದ, ದಪ್ಪ ಕೋಟಿನ ತೋಳಿನ ಮೇಲೇ ಕಟ್ಟಲಿ ಅಂತ. ಕೀ ಕೊಡುವ ತಿರುಪು ಭಾರಿ ದೊಡ್ಡದು, ಗ್ಲೌಸ್ ಹಾಕಿದ ಕೈಗೂ ಸಿಗಲಿ ಅಂತ.

ಡಯಲ್ ಮೇಲೆ ಗಂಟೆಯ ಜೊತೆಗೆ ಡಿಗ್ರಿಗಳೂ ಇವೆ, ಹೊತ್ತನ್ನು ನೇರವಾಗಿ ಡಿಗ್ರಿಯಾಗಿ ಓದಲಿ ಅಂತ. ಗಂಟೆಯ ಮುಳ್ಳಿನ ಒಂದು ಸುತ್ತಿಗೆ 180 ಡಿಗ್ರಿ, ನಿಮಿಷದ ಮುಳ್ಳಿನ ಸುತ್ತಿಗೆ 15 ಡಿಗ್ರಿ, ಸೆಕೆಂಡಿನ ಮುಳ್ಳಿನ ಸುತ್ತಿಗೆ ಡಿಗ್ರಿಯ ಕಾಲು ಭಾಗ, ಅಂದರೆ 15 ಕಲೆ. 4 ಗಂಟೆ 37 ನಿಮಿಷ 12 ಸೆಕೆಂಡು ಆಗಿದೆ ಅನ್ನಿ. 60 ಡಿಗ್ರಿ, 9 ಡಿಗ್ರಿ 15 ಕಲೆ, 3 ಕಲೆ. ಕೂಡಿದರೆ 69 ಡಿಗ್ರಿ 18 ಕಲೆ. ಗುಣಾಕಾರ, ಭಾಗಾಕಾರ ಏನೂ ಬೇಡ. ನಿದ್ದೆಗೆಟ್ಟ ಮನುಷ್ಯನಿಗೂ ಇಷ್ಟು ಕೂಡಿಸಲು ಬರುತ್ತದೆ ಅಲ್ವಾ?

ಹೊರಗಿನ ಉಂಗುರವೂ ತಿರುಗುತ್ತದೆ. ಅದು ಸೂರ್ಯನ ಆಟಕ್ಕೆ. ಸೂರ್ಯ ಗಡಿಯಾರದ ಹಾಗೆ ಒಂದೇ ಸಮನೆ ನಡೆಯುವುದಿಲ್ಲ. ಫೆಬ್ರವರಿ ನಡುವಿನಲ್ಲಿ ಸುಮಾರು 14 ನಿಮಿಷ ಹಿಂದೆ, ನವೆಂಬರ್ ಮೊದಲ ವಾರ 16 ನಿಮಿಷ ಮುಂದೆ. ನಂಬಿಕೆ ಬರದಿದ್ದರೆ ಬೆಂಗಳೂರಿನ ತಾರಸಿ ಮೇಲೆ ಒಂದು ಕೋಲು ನೆಟ್ಟು ನೋಡಿ. ನೆರಳು ಅತಿ ಚಿಕ್ಕದಾಗುವುದು ಫೆಬ್ರವರಿಯಲ್ಲಿ 12.34ರ ಆಸುಪಾಸು, ನವೆಂಬರಿನಲ್ಲಿ 12.04ಕ್ಕೆ. ಅರ್ಧ ಗಂಟೆ ವ್ಯತ್ಯಾಸ! ಆ ದಿನದ ವ್ಯತ್ಯಾಸವನ್ನು ಪಂಚಾಂಗದಂಥ ಪುಸ್ತಕದಲ್ಲಿ ನೋಡಿ ಉಂಗುರ ತಿರುಗಿಸಿಕೊಂಡರೆ ಆಯಿತು.

ಒಂದು ವಿಷಯ ನನಗೂ ಇಲ್ಲಿಗೆ ಬಂದ ಮೇಲೇ ತಿಳಿದದ್ದು. ವಾಚು ದಿನಕ್ಕೆ ಒಂದೆರಡು ಸೆಕೆಂಡು ಹಿಂದೆ ಬಿದ್ದರೆ ತೊಂದರೆಯಿಲ್ಲ. ಪ್ರತಿದಿನ ಅಷ್ಟೇ ಬೀಳಬೇಕು. ಆಗ ಅದನ್ನು ಲೆಕ್ಕದಲ್ಲಿ ಸರಿಮಾಡಿಕೊಳ್ಳಬಹುದು. ಇವತ್ತು ಹಿಂದೆ, ನಾಳೆ ಮುಂದೆ ಅಂತ ಮನಸ್ಸಿಗೆ ಬಂದಂತೆ ನಡೆಯುವ ವಾಚನ್ನು ನಂಬಿ ಸಮುದ್ರ ದಾಟಲು ಆಗುವುದಿಲ್ಲ. ಅದಕ್ಕೇ ರೇಡಿಯೋ ಸಿಗ್ನಲ್‌ಗೆ ಅಷ್ಟು ಬೆಲೆ. 1937ರಲ್ಲಿ ಅಮೆರಿಕದ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್ ನ್ಯೂಗಿನಿಯ ಲೇ ಊರಲ್ಲಿ ತಡೆದು ನಿಂತಿದ್ದಕ್ಕೆ ಇದೂ ಒಂದು ಕಾರಣ. ರೇಡಿಯೋ ತೊಂದರೆಯಿಂದ ಅವರ ಜೊತೆ ದಾರಿಯ ಲೆಕ್ಕ ನೋಡುತ್ತಿದ್ದ ಫ್ರೆಡ್ ನೂನನ್‌ಗೆ ಕ್ರೋನೋಮೀಟರ್ ಹೊಂದಿಸಲು ಆಗಿರಲಿಲ್ಲ. ಕೊನೆಗೆ ಸಿಗ್ನಲ್ ಸಿಕ್ಕಿತು, ಜುಲೈ 2ರಂದು ಹೊರಟರು. ಹುಡುಕಬೇಕಾಗಿದ್ದ ಹೌಲ್ಯಾಂಡ್ ದ್ವೀಪ ಸುಮಾರು ಎರಡೂವರೆ ಕಿಲೋಮೀಟರ್ ಉದ್ದ, ದಾರಿ ನಾಲ್ಕು ಸಾವಿರ ಕಿಲೋಮೀಟರಿಗೂ ಜಾಸ್ತಿ. ಅವರು ಅಲ್ಲಿಗೆ ತಲುಪಲೇ ಇಲ್ಲ.

ಲಾಂಜಿನ್ ಈ ವಾಚನ್ನು ಮತ್ತೆ ಮಾಡಿ ಮಾರಿದೆ. ಬೆಲೆ ಕೇಳಿದರೆ ಮಾವ ಫೋನ್ ಇಟ್ಟುಬಿಡುತ್ತಾರೆ. ಕೊಳ್ಳುವವರು ಆ ಉಂಗುರವನ್ನು ಸುಮ್ನೆ ಆಟಕ್ಕೆ ತಿರುಗಿಸುತ್ತಾರೋ ಏನೋ. ಸ್ವಿಟ್ಜರ್ಲೆಂಡಿಗೆ ಬರುವವರು ಹಿಮದ ಬೆಟ್ಟಗಳ ಮಧ್ಯೆ ಒಂದು ದಿನ ಉಳಿಸಿಕೊಂಡರೆ ಸೇಂಟ್-ಇಮಿಯೇಗೆ ಹೋಗಿ. ಮ್ಯೂಸಿಯಂಗೆ ಮೊದಲೇ ತಿಳಿಸಿ ಹೋಗಬೇಕು. ಅದು ಮುಗಿದ ಮೇಲೆ ಅದೇ ಊರಿಂದ ಫ್ಯುನಿಕ್ಯುಲರ್ ರೈಲು ಹತ್ತಿದರೆ ಮೋಂ-ಸೊಲೈ ಬೆಟ್ಟ. ಮೇಲೆ ಬಿಸಿಲು ಚೆನ್ನಾಗಿರುತ್ತದೆ, ಬುತ್ತಿ ಕಟ್ಟಿಕೊಂಡು ಹೋಗಿ.