ಆ ಒಂದು ಪೈಸೆ ಯಾರಿಗೆ?

ನಮ್ಮದು ಪೇಮೆಂಟ್ ಗೇಟ್‌ವೇ ಕಂಪನಿ, ಅಂದ್ರೆ ಗಿರಾಕಿ ಆನ್‌ಲೈನ್‌ನಲ್ಲಿ ಕಟ್ಟಿದ ದುಡ್ಡನ್ನ ಮರ್ಚೆಂಟ್‌ಗೆ ತಲುಪಿಸೋದು; ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ. ಹೆಸರು ಬೇಡ. ನಾನು ಮರ್ಚೆಂಟ್‌ಗಳಿಗೆ ಸೇರಬೇಕಾದ ದುಡ್ಡು ನೋಡಿಕೊಳ್ಳೋ ಸೆಟಲ್‌ಮೆಂಟ್ ಟೀಮಿನಲ್ಲಿ ಕೋಡ್ ಬರೆಯುವವನು. ಹೈರಿಂಗ್ ಶುರುವಾಯ್ತು ಅಂದ್ರೆ ಅರ್ಧ ದಿನ ಇಂಟರ್ವ್ಯೂ ಪ್ಯಾನೆಲ್‌ನಲ್ಲೇ ಹೋಗುತ್ತದೆ. ರಿಲೀಸ್ ಡೇಟ್ ಮಾತ್ರ ಒಂದು ದಿನವೂ ಮುಂದಕ್ಕೆ ಹೋಗಲ್ಲ.

ಬಂದವರಿಗೆಲ್ಲ ನಾನು ಕೇಳೋದು ಒಂದೇ ಪ್ರಶ್ನೆ. ಗಿರಾಕಿ ಯುಪಿಐನಲ್ಲಿ ₹1,499 ಕಟ್ಟಿದ, ಅವನ ಬ್ಯಾಂಕಿನಲ್ಲಿ ಡೆಬಿಟ್ ಆಯ್ತು, ನಮ್ಮ ಸರ್ವರ್‌ಗೆ ಟೈಮ್‌ಔಟ್ ಬಂತು, ಅಂದ್ರೆ ಆಯ್ತೋ ಇಲ್ಲವೋ ಅನ್ನೋ ಉತ್ತರ ಸಮಯಕ್ಕೆ ಬರಲಿಲ್ಲ. ಈಗ ಏನು ಮಾಡ್ತೀರಿ? ಹೆಚ್ಚಿನವರು ಹಿಂದೆಮುಂದೆ ನೋಡದೆ "ರಿಟ್ರೈ" ಅಂತಾರೆ. ಅಂದರೆ ಅವನ ಕೈಲಿ ಇನ್ನೊಂದು ಸಲ ಪಿನ್ ಒತ್ತಿಸಿ ಎರಡು ಸಲ ದುಡ್ಡು ಕಿತ್ತುಕೊಳ್ಳೋದು. ಇನ್ನು ಕೆಲವರು "ಫೇಲ್ ಅಂತ ತೋರಿಸ್ತೀನಿ" ಅಂತಾರೆ. ಆಗ ಗಿರಾಕಿ ಬೇರೆ ಆ್ಯಪ್‌ನಿಂದ ಮತ್ತೆ ಕಟ್ಟುತ್ತಾನೆ, ಕಥೆ ಅದೇ. ಇವರಲ್ಲಿ ಯಾರೂ ದಡ್ಡರಲ್ಲ. ಗ್ರಾಫು, ಟ್ರೀ ಅನ್ನೋ ಡೇಟಾ ಸ್ಟ್ರಕ್ಚರ್ ಎಲ್ಲ ಅರೆದು ಕುಡಿದವರು. ದುಡ್ಡು ಮಧ್ಯದಲ್ಲಿ ಎಲ್ಲೋ ನಿಂತಿರುತ್ತದೆ ಅನ್ನೋದನ್ನ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಕಳೆದ ವರ್ಷ ಹುಬ್ಬಳ್ಳಿ ಕಡೆಯವರೊಬ್ಬರು ಬಂದಿದ್ದರು. ಮೊದಲು ಬ್ಯಾಂಕೊಂದರ ರೆಕಾನ್ (ಎರಡು ಕಡೆಯ ಲೆಕ್ಕ ತಾಳೆ ನೋಡೋ) ಡೆಸ್ಕ್‌ನಲ್ಲಿದ್ದು, ಆಮೇಲೆ ಜಾವಾ ಕಲಿತು ಕೋಡಿಂಗ್‌ಗೆ ಬಂದವರು. ಅದೇ ಪ್ರಶ್ನೆ ಕೇಳಿದೆ. ಅವರು ನನಗೇ ತಿರುಗಿ ಕೇಳಿದರು: "ಆರ್‌ಆರ್‌ಎನ್ ಬಂದದ ಏನ್ರಿ ಸರ್?" ಆರ್‌ಆರ್‌ಎನ್ ಅಂದ್ರೆ ಆ ಪೇಮೆಂಟಿನ ರೆಫರೆನ್ಸ್ ನಂಬರ್. ಬಂದಿಲ್ಲ ಅಂದೆ. ಹಾಗಾದ್ರೆ ಪೆಂಡಿಂಗ್‌ನಲ್ಲೇ ಇಡ್ತೀನಿ, ಅದೇ ಟ್ರಾನ್ಸಾಕ್ಷನ್ ಐಡಿಯಲ್ಲಿ ಸ್ಟೇಟಸ್ ಚೆಕ್ ಹೊಡೀತೀನಿ, ಹೊಸ ಐಡಿ ಹುಟ್ಟಿಸೋ ಮಾತೇ ಇಲ್ಲ ಅಂದರು. ಆರ್‌ಬಿಐನ 2019ರ ಸರ್ಕ್ಯುಲರ್ ಪ್ರಕಾರ ಮರ್ಚೆಂಟ್ ಪೇಮೆಂಟ್ ಆದರೆ ಟಿ+5, ಅಂದ್ರೆ ಕಟ್ಟಿದ ದಿನದಿಂದ ಐದು ದಿನದ ಒಳಗೆ ರಿವರ್ಸಲ್ ಆಗಿ ದುಡ್ಡು ವಾಪಸ್ ಹೋಗಬೇಕು, ದಾಟಿದರೆ ಗಿರಾಕಿಗೆ ದಿನಕ್ಕೆ ₹100 ಕೊಡಬೇಕು ಅನ್ನೋದೂ ಅವರ ಬಾಯಲ್ಲೇ ಬಂತು. ನಾನು ಪೆನ್ನು ಕೆಳಗಿಟ್ಟೆ. ನಮ್ಮ ಟೀಮಿನಲ್ಲೇ ಇಷ್ಟು ಸಲೀಸಾಗಿ ಹೇಳೋರು ಕಮ್ಮಿ.

ಆಮೇಲೆ ಕೋಡಿಂಗ್ ರೌಂಡ್. ಅದು ಕೋರ್ ಟೀಮಿನ ನನ್ನ ಸಹೋದ್ಯೋಗಿಯದು. ನಮ್ಮ ಪ್ರಶ್ನೆಗಳ ಸಂಗ್ರಹದಿಂದ ಎತ್ತಿಕೊಟ್ಟದ್ದು: ಒಂದು ಆರ್ಡರಿನ ಮೊತ್ತವನ್ನ ಮೂರು ಮರ್ಚೆಂಟ್‌ಗಳಿಗೆ ಸಮನಾಗಿ ಸ್ಪ್ಲಿಟ್ ಮಾಡಿ. ಫಂಕ್ಷನ್ ಮೊದಲೇ ಅರ್ಧ ಬರೆದಿತ್ತು, ಅಮೌಂಟ್ ಅನ್ನೋದು ಡಬಲ್ ಟೈಪ್, ಅಂದ್ರೆ ದಶಾಂಶ ಸಂಖ್ಯೆಯನ್ನ ಹೆಚ್ಚುಕಮ್ಮಿ ಅಂದಾಜಿನಲ್ಲಿ ಇಡೋದು. ಅವರು ಸ್ಕ್ರೀನ್ ಶೇರ್ ಮಾಡಿದರು, ಆ ಲೈನಿನ ಮುಂದೆ ಕರ್ಸರ್ ನಿಲ್ಲಿಸಿದರು, ಸುಮ್ಮನಾದರು.

ಸುಮ್ನೆ ಕೂತು ಇನ್ನೊಬ್ಬರ ಕರ್ಸರ್ ಮಿಣಮಿಣ ಅನ್ನೋದನ್ನ ನೋಡೋದಿದೆಯಲ್ಲ, ಆ ಹಿಂಸೆ ಪ್ಯಾನೆಲ್‌ನಲ್ಲಿ ಕೂತವರಿಗೇ ಗೊತ್ತು. ಸಿಂಟ್ಯಾಕ್ಸ್ ಮರೆತಿದ್ದಾರೆ ಅಂದುಕೊಂಡೆ. ಸಹೋದ್ಯೋಗಿ ಮ್ಯೂಟ್ ಆಗಿ ಚಾಟ್‌ನಲ್ಲಿ ನನಗೆ "ನೋ ಹೈರ್?" ಅಂತ ಹಾಕಿದ. ಅಷ್ಟರಲ್ಲಿ ಅವರು ಕೆಳಗೆ ಒಂದು ಲೈನ್ ಬರೆದು ರನ್ ಮಾಡಿದರು: 0.1 + 0.2. ಉತ್ತರ 0.30000000000000004 ಅಂತ ಬಂತು. ಇದನ್ನ ಪೈಸೆಗೆ ಬದಲಾಯಿಸಿ ಲಾಂಗ್ (ಪೂರ್ಣಾಂಕದ ಟೈಪ್) ಮಾಡಲಾ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಸಹೋದ್ಯೋಗಿ "ಅದೆಲ್ಲ ಬೇಡ, ಮುಂದೆ ಹೋಗಿ" ಅಂದ. ಆದರೂ ಅವರು ಮುಂದೆ ಹೋಗಲಿಲ್ಲ. ₹100ನ್ನ ಮೂವರಿಗೆ ಹಂಚಿದರೆ ತಲಾ ₹33.33, ಒಟ್ಟು ₹99.99. ಆಮೇಲೆ ನನ್ನ ಕಡೆ ಕನ್ನಡದಲ್ಲೇ: "ಉಳದ ಒಂದ್ ಪೈಸಾ ಯಾರಿಗ್ ಹಾಕೂದ್ರಿ ಸರ್? ಎಲ್ಲೂ ಹಾಕ್ಲಿಲ್ಲಂದ್ರ ರಾತ್ರಿ ರೆಕಾನ್ ಟ್ಯಾಲಿ ಆಗೂದಿಲ್ಲ."

ಟೈಮ್ ಮುಗಿಯಿತು. ಕೋಡ್ ಅರ್ಧಕ್ಕೇ ನಿಂತಿತ್ತು.

ಇಂಟರ್ವ್ಯೂ ಆದಮೇಲಿನ ಡಿಬ್ರೀಫ್‌ನಲ್ಲಿ ಸಹೋದ್ಯೋಗಿ ಬರೆದದ್ದು: ಪ್ರಶ್ನೆ ಅರ್ಥವಾಗಿಲ್ಲ, ನಿಧಾನ. ದುಡ್ಡು ಎಣಿಸೋ ಕಂಪನಿಯಲ್ಲಿ ದುಡ್ಡನ್ನ ಡಬಲ್‌ನಲ್ಲಿಟ್ಟು ಪ್ರಶ್ನೆ ಕೇಳ್ತಿದ್ದೀವಿ, ತಪ್ಪು ಪ್ರಶ್ನೆಯದು ಅಂತ ನಾನು ವಾದ ಮಾಡಿದೆ. ಮ್ಯಾನೇಜರ್ ಇಬ್ಬರ ಮಾತೂ ಕೇಳಿ ಫಾರ್ಮ್ ತೆಗೆದರು. ಅದರಲ್ಲಿ ಇರೋದು ನಾಲ್ಕು ಕಾಲಂ: ಡಿಎಸ್‌ಎ (ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಂ), ಸಿಸ್ಟಂ ಡಿಸೈನ್, ಕಮ್ಯುನಿಕೇಶನ್, ಕಲ್ಚರ್ ಫಿಟ್. ಟಿ+5 ಗೊತ್ತಿದ್ದದ್ದಕ್ಕೆ ಎಲ್ಲಿ ಮಾರ್ಕ್ಸ್ ಹಾಕೋದು? ನಾನು ಕಮ್ಯುನಿಕೇಶನ್‌ನಲ್ಲಿ ಐದಕ್ಕೆ ಐದು ಹಾಕಿದೆ. ಏನೂ ಪ್ರಯೋಜನ ಆಗಲಿಲ್ಲ.

ಅದಕ್ಕಿಂತ ಜಾಸ್ತಿ ಉರಿದದ್ದು ಮುಂದಿನದು. ಎಚ್‌ಆರ್ ಅವರನ್ನ ರಿಜೆಕ್ಟ್ ಕೂಡ ಮಾಡಲಿಲ್ಲ, "ಆನ್ ಹೋಲ್ಡ್" ಅಂತ ಇಟ್ಟುಬಿಟ್ಟರು. ಹುಬ್ಬಳ್ಳಿಯವರು ಎರಡು ಮೇಲ್ ಹಾಕಿದ್ದರಂತೆ, ಉತ್ತರ ಹೋಗಿಲ್ಲ. ಗಿರಾಕಿಯ ದುಡ್ಡು ಪೆಂಡಿಂಗ್‌ನಲ್ಲಿದ್ದರೆ ನಾವು ಟಿ+5ಕ್ಕೆ ಓಡಾಡ್ತೀವಿ. ಕೆಲಸ ಕೇಳಿ ಬಂದವರು ಪೆಂಡಿಂಗ್‌ನಲ್ಲಿದ್ದರೆ ಕೇಳೋರೇ ಇಲ್ಲ. ದಿನಕ್ಕೆ ₹100 ದಂಡ ಅಂತ ಎಚ್‌ಆರ್‌ಗೂ ಒಂದು ಸರ್ಕ್ಯುಲರ್ ಬಂದರೆ ಸರಿಹೋಗಬಹುದೇನೋ. ಹುಬ್ಬಳ್ಳಿಯವರೀಗ ಬೇರೆ ಕಡೆ ಸೇರಿದ್ದಾರೆ. ಪ್ರಶ್ನೆ ಸರಿಮಾಡಿ ಅಂತ ನಾನು ಹಾಕಿದ ಟಿಕೆಟ್ "ಲೋ ಪ್ರಯಾರಿಟಿ" ಅಂತ ಬ್ಯಾಕ್‌ಲಾಗ್‌ನಲ್ಲಿದೆ.

ನಿಮಗೆ ಇಂಥ ಕಂಪನಿಯಲ್ಲಿ ಇಂಟರ್ವ್ಯೂ ಇದ್ದರೆ ಡಿಎಸ್‌ಎ ಓದಿಕೊಳ್ಳಿ, ಅದು ಬೇಕೇ ಬೇಕು, ಬೈಕೊಂಡಾದ್ರೂ ಓದಿ. ಕೋಡಿಂಗ್ ರೌಂಡಿನಲ್ಲಿ ಅನುಮಾನ ಬಂದರೆ ಕಾಮೆಂಟ್ ಬರೆದಿಟ್ಟು ಮೊದಲು ಕೋಡ್ ಮುಗಿಸಿ, ಆಮೇಲೆ ಜಗಳ ತೆಗೀರಿ. ಜೊತೆಗೆ ಒಂದೇ ವೆಬ್‌ಹುಕ್ (ಪೇಮೆಂಟ್ ಏನಾಯ್ತು ಅಂತ ಸರ್ವರ್‌ಗೆ ತಾನಾಗೇ ಬರೋ ಸಂದೇಶ) ಎರಡು ಸಲ ಬಂದರೆ ಏನು ಮಾಡಬೇಕು, ಸಿವಿವಿಯನ್ನ ಯಾಕೆ ಸೇವ್ ಮಾಡಬಾರದು, 2022ರ ಅಕ್ಟೋಬರ್‌ನಿಂದ ಮರ್ಚೆಂಟ್‌ಗಳ ಹತ್ತಿರ ಕಾರ್ಡ್ ನಂಬರ್ ಬದಲು ಟೋಕನ್ ಯಾಕೆ ಇದೆ, ಇಷ್ಟು ನೋಡಿಕೊಂಡು ಹೋಗಿ. ಕೊನೆಯಲ್ಲಿ "ನಿಮ್ಮದೇನಾದರೂ ಪ್ರಶ್ನೆ ಇದೆಯಾ" ಅಂತಾರಲ್ಲ, ಆಗ "ನಿಮ್ಮಲ್ಲಿ ರೆಕಾನ್ ಯಾರು ನೋಡ್ಕೊಳ್ತಾರೆ, ಟ್ಯಾಲಿ ಆಗದಿದ್ದರೆ ರಾತ್ರಿ ಯಾರಿಗೆ ಫೋನ್ ಬರುತ್ತೆ" ಅಂತ ಕೇಳಿ. ಪ್ಯಾನೆಲ್‌ನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಸೇರಿದ ಮೇಲೆ ಆ ಫೋನ್ ನಿಮಗೇ ಬರುತ್ತದೆ.